ಮಂಜಿನಲ್ಲಿ ಲಾರಿ ನಿಲ್ಲಿಸಲು ಜಾಗವೂ ಬೇಕು, ಅನುಮತಿಯೂ ಬೇಕು

ಮಾನ್ಯ ಸಂಪಾದಕರೇ,

ರಸ್ತೆಬದಿಯಲ್ಲಿ ನಿಂತಿದ್ದ ಲಾರಿಗೆ ಬೆಳಗಿನ ಜಾವ ಹಿಂದಿನಿಂದ ಬಂದ ವಾಹನ ಡಿಕ್ಕಿ ಹೊಡೆದು ಹಲವರು ಸತ್ತರೆಂಬ ಸುದ್ದಿ ಪ್ರತಿ ಚಳಿಗಾಲದಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ದಟ್ಟ ಮಂಜು ಕವಿದಿದ್ದರಿಂದ ಮುಂದಿನ ವಾಹನ ಕಾಣದೆ ಅಪಘಾತ ಸಂಭವಿಸಿತೆಂಬ ಒಂದು ಸಾಲಿನೊಂದಿಗೆ ಆ ಸುದ್ದಿ ಮುಗಿಯುತ್ತದೆ, ಸಾರ್ವಜನಿಕರ ವಿಚಾರವೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆ ಲಾರಿ ಅಲ್ಲಿ ಏಕೆ ನಿಂತಿತ್ತು, ಎಷ್ಟು ಹೊತ್ತಿನಿಂದ ನಿಂತಿತ್ತು, ಅದರ ಹಿಂಬದಿಯ ದೀಪಗಳು ಉರಿಯುತ್ತಿದ್ದವೇ, ಅದನ್ನು ರಸ್ತೆಯಿಂದ ಪೂರ್ತಿ ಆಚೆಗೆ ತೆಗೆಯಲು ಸಮೀಪದಲ್ಲಿ ಜಾಗವಿತ್ತೇ, ಹಿಂದೆ ಬಂದ ವಾಹನದ ಚಾಲಕ ಎಷ್ಟು ಗಂಟೆಗಳಿಂದ ನಿದ್ದೆಯಿಲ್ಲದೆ ಓಡಿಸುತ್ತಿದ್ದ ಎಂಬ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಸರಕು ಸಾಗಣೆಯ ಕೆಲಸವನ್ನು ಬಹುಕಾಲ ಹತ್ತಿರದಿಂದ ಕಂಡವನಾಗಿ ನನಗೆ ತೋಚಿದ್ದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಮಂಜಿನಲ್ಲಿ ನಿಧಾನವಾಗಿ ಹೋಗಿ, ಸಾಧ್ಯವಾಗದಿದ್ದರೆ ನಿಲ್ಲಿಸಿ ಎಂದು ಲಾರಿ ಚಾಲಕನಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಆದರೆ ನಿಲ್ಲಿಸಲು ಬೇಕಾದ ಜಾಗವನ್ನು ರಸ್ತೆ ಕಟ್ಟುವವರು ಕೊಟ್ಟಿಲ್ಲ, ನಿಲ್ಲಿಸುವ ಅನುಮತಿಯನ್ನು ಸರಕಿನ ಒಡೆಯರು ಕೊಟ್ಟಿಲ್ಲ. ಇವೆರಡೂ ದೊರೆಯುವವರೆಗೆ ಉಳಿದ ಎಚ್ಚರಿಕೆಗಳಿಂದ ಆಗುವ ಪ್ರಯೋಜನ ಅರೆಬರೆಯೇ.

ಮೊದಲು ದೂರದ ಲೆಕ್ಕವನ್ನು ನೋಡೋಣ. ಹವಾಮಾನ ಶಾಸ್ತ್ರದ ಪ್ರಕಾರ ಕಣ್ಣಿಗೆ ಕಾಣುವ ದೂರ 1 ಕಿಲೋಮೀಟರಿಗಿಂತ ಕಡಿಮೆಯಾದರೆ ಅದು ಮಂಜು. ರಸ್ತೆಯ ಮೇಲಿರುವವನಿಗೆ ಆ ಅಳತೆಯಿಂದ ಹೆಚ್ಚು ಉಪಯೋಗವಿಲ್ಲ. ಅವನಿಗೆ ನಿಜವಾದ ಅಪಾಯ ಆರಂಭವಾಗುವುದು ಆ ದೂರ 100 ಮೀಟರಿನ ಆಸುಪಾಸಿಗೆ ಇಳಿದಾಗ. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಅಪಾಯ ಕಂಡ ಚಾಲಕ ಅದನ್ನು ಗುರುತಿಸಿ ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಏರ್ ಬ್ರೇಕಿನಲ್ಲಿ ಗಾಳಿಯ ಒತ್ತಡ ಕೊಳವೆಗಳ ಮೂಲಕ ಹಿಂದಿನ ಗಾಲಿಗಳನ್ನು ತಲುಪಲು ಇನ್ನೂ ಸುಮಾರು ಅರ್ಧ ಸೆಕೆಂಡ್ ಸೇರಿಸಬೇಕು. ಆ ಎರಡು ಸೆಕೆಂಡುಗಳಲ್ಲಿ ಲಾರಿ 44 ಮೀಟರ್ ಸಾಗಿರುತ್ತದೆ, ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ಕೂಡ ನಿಲ್ಲಲು ಹೆಚ್ಚುಕಡಿಮೆ 50 ಮೀಟರ್ ಬೇಕು. ಒಟ್ಟು 94 ಮೀಟರ್. ಇದೇ ಲೆಕ್ಕದಲ್ಲಿ 60ರ ವೇಗಕ್ಕೆ 61 ಮೀಟರ್, 40ರ ವೇಗಕ್ಕೆ ಸುಮಾರು 35 ಮೀಟರ್, 20ರ ವೇಗಕ್ಕೆ 14 ಮೀಟರ್ ಬೇಕಾಗುತ್ತದೆ. ಮಂಜು ಬಿದ್ದ ರಸ್ತೆ ಬಹಳ ಸಲ ಒದ್ದೆಯಾಗಿರುತ್ತದೆ, ಟೈರು ಸವೆದಿರಬಹುದು, ಹೊರೆ ಮಿತಿ ಮೀರಿರಬಹುದು. ಆಗ ಈ ಅಂಕಿಗಳು ಇನ್ನೂ ಬೆಳೆಯುತ್ತವೆ. ಕಾಣುವ ದೂರ 50 ಮೀಟರಿಗಿಂತ ಕಡಿಮೆಯಿದ್ದಾಗ ಗಂಟೆಗೆ 50 ಕಿಲೋಮೀಟರ್ ಮೀರಬಾರದೆಂದು ಜರ್ಮನಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಕಾನೂನಿದೆ. ಲೆಕ್ಕ ಹಾಕಿದರೆ 50ರ ವೇಗಕ್ಕೆ ಬೇಕಾಗುವ ದೂರ 47 ಮೀಟರ್, ಅಂದರೆ ಆ ಮಿತಿಯಲ್ಲಿ ಉಳಿಯುವ ಅಂತರ ಮೂರೇ ಮೀಟರ್. ಆದ್ದರಿಂದ ತುಂಬಿದ ಲಾರಿಗೆ ಅದು ಕಟ್ಟಕಡೆಯ ಮಿತಿಯೇ ಹೊರತು ನೆಮ್ಮದಿಯಿಂದ ಓಡಿಸಬಹುದಾದ ವೇಗವಲ್ಲ. ವಿಭಜಕವಿಲ್ಲದ ಕಿರಿದಾದ ರಸ್ತೆಯಲ್ಲಿ ಎದುರಿನಿಂದ ಬರುವವನಿಗೂ ಅಷ್ಟೇ ದೂರ ಬೇಕಾಗುವುದರಿಂದ, ಕಾಣುವ ದೂರದ ಅರ್ಧದೊಳಗೆ ನಿಲ್ಲಿಸುವ ವೇಗದಲ್ಲಿ ಹೋದರೆ ಮಾತ್ರ ಇಬ್ಬರೂ ಉಳಿಯುತ್ತಾರೆ.

ಈ ಲೆಕ್ಕವನ್ನು ತಿಳಿದವರೂ ವೇಗವಾಗಿ ಹೋಗುವುದೇಕೆ ಎಂಬುದಕ್ಕೆ ನಿರ್ಲಕ್ಷ್ಯವೊಂದೇ ಉತ್ತರವಲ್ಲ. ನಾವು ಎಷ್ಟು ವೇಗದಲ್ಲಿದ್ದೇವೆ ಎಂಬುದನ್ನು ಕಣ್ಣು ಅಂದಾಜು ಮಾಡುವುದು ಅಕ್ಕಪಕ್ಕದ ಮರ, ಕಂಬ, ರಸ್ತೆಯ ಗೆರೆಗಳು ಹಿಂದಕ್ಕೆ ಸರಿಯುವುದನ್ನು ನೋಡಿ. ದೃಶ್ಯದ ಸ್ಪಷ್ಟತೆ ಕಡಿಮೆಯಾದಷ್ಟೂ ಚಲನೆ ನಿಧಾನವೆಂದು ಭಾಸವಾಗುತ್ತದೆ, ಹಾಗಾಗಿ ಚಾಲಕರು ತಿಳಿಯದೆಯೇ ವೇಗ ಹೆಚ್ಚಿಸುತ್ತಾರೆ ಎಂಬುದನ್ನು 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. 2012ರಲ್ಲಿ ಬೇರೊಂದು ತಂಡ, ನಿಜವಾದ ಮಂಜಿನಂತೆ ಹತ್ತಿರದ್ದು ಸ್ಪಷ್ಟವಾಗಿಯೂ ದೂರದ್ದು ಮಸುಕಾಗಿಯೂ ಕಾಣುವಂತೆ ಮಾಡಿದಾಗ ಫಲಿತಾಂಶ ತಿರುಗುಮುರುಗಾಗುತ್ತದೆ, ಜನ ವೇಗವನ್ನು ಹೆಚ್ಚೆಂದೇ ಭಾವಿಸಿ ನಿಧಾನಿಸುತ್ತಾರೆ ಎಂದು ವರದಿ ಮಾಡಿತು. ವಿಜ್ಞಾನಿಗಳ ನಡುವಿನ ಈ ಭಿನ್ನಮತದಿಂದ ಚಾಲಕರು ತೆಗೆದುಕೊಳ್ಳಬೇಕಾದ ಪಾಠ ಒಂದೇ: ಮಂಜಿನಲ್ಲಿ ಕಣ್ಣಂದಾಜನ್ನು ಬಿಟ್ಟು ಸ್ಪೀಡೋಮೀಟರಿನ ಮುಳ್ಳನ್ನು ನಂಬಬೇಕು. ಇದರ ಜೊತೆಗೆ ಇನ್ನೊಂದು ಸೆಳೆತವಿದೆ. ಮುಂದಿನ ವಾಹನದ ಕೆಂಪು ದೀಪ ಕಾಣುತ್ತಿರುವವರೆಗೆ ದಾರಿ ಸಿಕ್ಕಿದ ಧೈರ್ಯ, ಅದು ಮರೆಯಾದರೆ ದಿಕ್ಕು ತಪ್ಪಿದ ಭಯ. ಆ ದೀಪವನ್ನು ಕಳೆದುಕೊಳ್ಳಬಾರದೆಂದು ಹಿಂದಿನವನು ಅಂತರವನ್ನು ಕಡಿಮೆ ಮಾಡುತ್ತಾನೆ, ತನ್ನ ಬೆನ್ನಿಗೆ ಅಂಟಿಕೊಂಡ ಬೆಳಕಿನಿಂದ ಕಸಿವಿಸಿಗೊಂಡ ಮುಂದಿನವನು ವೇಗ ಹೆಚ್ಚಿಸುತ್ತಾನೆ, ಹೀಗೆ ಇಡೀ ಸಾಲೇ ಯಾರಿಗೂ ಬೇಡವಾದ ವೇಗಕ್ಕೆ ಏರಿಬಿಡುತ್ತದೆ.

ಲಾರಿಯಲ್ಲಿ ಕುಳಿತವನಿಗೆ ಇನ್ನೂ ಒಂದು ಭ್ರಮೆ ಕಾದಿರುತ್ತದೆ. ಅವನ ಕಣ್ಣು ನೆಲದಿಂದ ಎರಡು ಮೀಟರಿಗಿಂತ ಎತ್ತರದಲ್ಲಿರುತ್ತದೆ. ನೆಲಕ್ಕೆ ಅಂಟಿಕೊಂಡ ತೆಳುವಾದ ಮಂಜಿನ ಪದರವಿದ್ದಾಗ ಅವನಿಗೆ ಅದರ ಮೇಲಿನಿಂದ ದೂರದ ಮರಗಳೂ ಎದುರಿನ ಲಾರಿಗಳ ಮೇಲ್ಭಾಗವೂ ಕಾಣಿಸುತ್ತವೆ, ದಾರಿ ಖಾಲಿಯಿದೆ ಎನಿಸುತ್ತದೆ. ಆ ಪದರದೊಳಗೆ ಮುಳುಗಿರುವ ಕಾರು, ಬೈಕು, ನಡೆದು ಹೋಗುವ ಮನುಷ್ಯ ಮಾತ್ರ ಕಾಣುವುದಿಲ್ಲ.

ದೀಪಗಳ ವಿಷಯದಲ್ಲಿ ಇರುವಷ್ಟು ತಪ್ಪು ತಿಳಿವಳಿಕೆ ಬೇರೆಲ್ಲೂ ಇಲ್ಲವೇನೋ. ಹೈಬೀಮ್ ಹಾಕಿದರೆ ಬೆಳಕು ಮುಂದಿರುವ ನೀರಿನ ಹನಿಗಳಿಗೆ ಬಡಿದು ಚಾಲಕನ ಕಣ್ಣಿಗೇ ಹಿಂತಿರುಗಿ ಬಿಳಿ ಗೋಡೆಯೊಂದು ಎದ್ದಂತೆ ಆಗುತ್ತದೆ ಎಂಬುದನ್ನು ಅನುಭವಸ್ಥ ಚಾಲಕರೆಲ್ಲ ಬಲ್ಲರು. ಫಾಗ್ ಲ್ಯಾಂಪುಗಳನ್ನು ಬಂಪರಿನ ಕೆಳಮಟ್ಟದಲ್ಲಿ, ಬೆಳಕು ಅಗಲವಾಗಿ ನೆಲವನ್ನಷ್ಟೇ ಬೆಳಗುವಂತೆ ಜೋಡಿಸುವುದು ಇದೇ ಕಾರಣಕ್ಕೆ. ಆದರೆ ದೀಪದ ಎರಡನೆಯ ಕೆಲಸ ಮರೆತುಹೋಗುತ್ತದೆ: ನಾವು ಬೇರೆಯವರಿಗೆ ಕಾಣಬೇಕು. ಬೆಳಕು ಹರಿದ ಮೇಲೆ ತನಗೆ ದಾರಿ ಕಾಣುತ್ತಿದೆಯೆಂದು ಚಾಲಕ ದೀಪ ಆರಿಸಿಬಿಡುತ್ತಾನೆ. ಧೂಳು ಹಿಡಿದ ಟಾರ್ಪಾಲು ಹೊದ್ದ ಬೂದು ಬಣ್ಣದ ಲಾರಿ ಬೂದು ಮಂಜಿನಲ್ಲಿ ಹಗಲಿನಲ್ಲಿಯೇ ಕಣ್ಣಿಗೆ ಬೀಳುವುದಿಲ್ಲ. ಹೊಸ ವಾಹನಗಳಲ್ಲಿ ತಾನಾಗಿಯೇ ಹೊತ್ತುವ ದೀಪಗಳಿವೆ, ಆದರೆ ಅವು ಕತ್ತಲನ್ನು ಅಳೆಯುತ್ತವೆ, ಮಂಜನ್ನಲ್ಲ. ಹಗಲು ಮಂಜಿನಲ್ಲಿ ಅವು ಉರಿಯದೇ ಇರಬಹುದು. ಮುಂಭಾಗದ ಹಗಲು ದೀಪಗಳು ಉರಿಯುತ್ತಿದ್ದರೂ ಹಲವು ವಾಹನಗಳಲ್ಲಿ ಹಿಂಬದಿಯ ಕೆಂಪು ದೀಪ ಆರಿಯೇ ಇರುತ್ತದೆ. ಆದ್ದರಿಂದ ಮಂಜಿನಲ್ಲಿ ಸ್ವಿಚ್ಚನ್ನು ಕೈಯಿಂದಲೇ ಹಾಕಬೇಕು.

ರಿಫ್ಲೆಕ್ಟರುಗಳ ಬಗೆಗೂ ಒಂದು ಮಾತು ಹೇಳಬೇಕು. ಲಾರಿಯ ಹಿಂದೆ ರೇಡಿಯಂ ಪಟ್ಟಿ ಅಂಟಿಸಿದ್ದೇವೆ, ಟೇಲ್ ಲ್ಯಾಂಪು ಕೆಟ್ಟಿದ್ದರೂ ನಡೆಯುತ್ತದೆ ಎಂಬ ನಂಬಿಕೆ ಮಾಲೀಕರಲ್ಲಿದೆ. ತಿಳಿಯಾದ ರಾತ್ರಿಯಲ್ಲಿ ಆ ಪಟ್ಟಿ ನಿಜಕ್ಕೂ ಜೀವ ಉಳಿಸುತ್ತದೆ, ಅದು ಇರಲೇಬೇಕು. ಮಂಜಿನಲ್ಲಿ ಮಾತ್ರ ಅದರ ಶಕ್ತಿ ಬಹಳ ಕುಗ್ಗುತ್ತದೆ. ದೀಪದ ಬೆಳಕು ನೋಡುವವನನ್ನು ತಲುಪಲು ಮಂಜನ್ನು ಒಂದು ಸಲ ದಾಟಿದರೆ ಸಾಕು. ರಿಫ್ಲೆಕ್ಟರ್ ಹೊಳೆಯಬೇಕಾದರೆ ಹಿಂದಿನ ವಾಹನದ ಬೆಳಕು ಮಂಜನ್ನು ದಾಟಿ ಬಂದು, ಮತ್ತೆ ಅದೇ ಮಂಜನ್ನು ದಾಟಿ ಹಿಂತಿರುಗಬೇಕು. ಒಂದು ದಾಟುವಿಕೆಯಲ್ಲಿ ಬೆಳಕಿನ ಹತ್ತನೆಯ ಒಂದು ಭಾಗ ಮಾತ್ರ ಉಳಿಯುವಷ್ಟು ಮಂಜಿದ್ದರೆ, ರಿಫ್ಲೆಕ್ಟರಿನಿಂದ ಹಿಂತಿರುಗುವಾಗ ಉಳಿಯುವುದು ನೂರನೆಯ ಒಂದು ಭಾಗ. ಅದರಲ್ಲಿಯೂ ಬೆಳಕು ಹಿಂತಿರುಗುವುದು ಬಹುಪಾಲು ಹೆಡ್‌ಲೈಟಿನ ಕಡೆಗೆ. ಹೆಡ್‌ಲೈಟಿಗೆ ಹತ್ತಿರ ಕುಳಿತ ಕಾರಿನವನಿಗೆ ಸಿಗುವಷ್ಟು ಹೊಳಪು ಎತ್ತರದ ಕ್ಯಾಬಿನ್ನಿನಲ್ಲಿರುವ ಲಾರಿ ಚಾಲಕನಿಗೆ ಸಿಗುವುದಿಲ್ಲ. ಉರಿಯುವ, ಕೆಸರು ಒರೆಸಿದ ಕೆಂಪು ದೀಪಕ್ಕೆ ಪರ್ಯಾಯವಿಲ್ಲ. ಹೊರಡುವ ಮುನ್ನ ಹಿಂದಕ್ಕೆ ಹೋಗಿ ಬಟ್ಟೆಯಿಂದ ದೀಪದ ಗಾಜನ್ನು ಒರೆಸಲು ಒಂದು ನಿಮಿಷವೂ ಬೇಡ.

ಈಗ ನಿಂತ ಲಾರಿಯ ವಿಷಯಕ್ಕೆ ಬರುತ್ತೇನೆ. ಮಂಜಿನಲ್ಲಿ ದಾರಿ ಕಾಣದಿದ್ದಾಗ ಅಂಚಿನ ಬಿಳಿಗೆರೆಯನ್ನು ಹಿಡಿದು ಹೋಗಿ ಎಂದು ಎಲ್ಲ ಕಡೆಯೂ ಕಲಿಸುತ್ತಾರೆ. ನಡುಗೆರೆಯ ಕಡೆ ಹೋದರೆ ಎದುರಿನ ವಾಹನಕ್ಕೆ ಡಿಕ್ಕಿಯಾಗಬಹುದಾದ್ದರಿಂದ ಆ ಸಲಹೆ ಸರಿಯಾದದ್ದೇ. ಆದರೆ ಕೆಟ್ಟುನಿಂತ ಅಥವಾ ಚಾಲಕ ದಣಿದು ನಿಲ್ಲಿಸಿದ ಲಾರಿ ಇರುವುದೂ ಅದೇ ಅಂಚಿನಲ್ಲಿ. ಗೆರೆ ಹಿಡಿದು ಬಂದವನನ್ನು ಆ ಗೆರೆಯೇ ನೇರವಾಗಿ ಲಾರಿಯ ಹಿಂಬದಿಗೆ ಕರೆದೊಯ್ಯುತ್ತದೆ. ಲಾರಿಯ ದೀಪಗಳು ಆರಿದ್ದರೆ ಅವನಿಗೆ ಅದು ಕಾಣುವುದೇ ಇಲ್ಲ. ದೀಪಗಳು ಉರಿಯುತ್ತಿದ್ದರೆ ಬೇರೆ ಬಗೆಯ ಅಪಾಯವಿದೆ: ಮುಂದೊಂದು ಲಾರಿ ಹೋಗುತ್ತಿದೆ, ಅದರ ಹಿಂದೆಯೇ ಹೋದರಾಯಿತು ಎಂದುಕೊಂಡು ಹಿಂದಿನವನು ಅದನ್ನೇ ಗುರಿಮಾಡಿಕೊಂಡು ಬರುತ್ತಾನೆ. ಆ ದೀಪ ಚಲಿಸುತ್ತಿಲ್ಲವೆಂದು ಅರಿವಾಗುವ ಹೊತ್ತಿಗೆ ನಿಲ್ಲಿಸುವ ದೂರ ಮುಗಿದಿರುತ್ತದೆ. ನಿಂತ ವಾಹನ ಬೇರೆಯಾಗಿ ಕಾಣಬೇಕಾದರೆ ಅದರ ನಾಲ್ಕೂ ಇಂಡಿಕೇಟರುಗಳು ಮಿನುಗಬೇಕು. ಹಾಗಾಗಿಯೇ, ಚಲಿಸುತ್ತಿರುವಾಗ ಇಡೀ ದಾರಿ ನಾಲ್ಕೂ ಇಂಡಿಕೇಟರುಗಳನ್ನು ಹಾಕಿಕೊಂಡು ಹೋಗುವ ಅಭ್ಯಾಸ ಸರಿಯಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಎಲ್ಲರೂ ಮಿನುಗುತ್ತಿದ್ದರೆ ನಿಂತವನು ಯಾರು, ಚಲಿಸುತ್ತಿರುವವನು ಯಾರು, ತಿರುಗುವವನು ಯಾರು ಎಂಬುದು ತಿಳಿಯುವುದೇ ಇಲ್ಲ. ಮುಂದೆ ವಾಹನಗಳು ಇದ್ದಕ್ಕಿದ್ದಂತೆ ನಿಂತಿರುವುದು ಕಂಡಾಗ ಹಿಂದಿನವರನ್ನು ಎಚ್ಚರಿಸಲು ಕೆಲವು ಕ್ಷಣ ಹಾಕುವುದು ಬೇರೆ ಮಾತು.

ಲಾರಿಯ ಹಿಂಬದಿಗೆ ಕಾರು ಬಡಿದಾಗ ಸಾವು ಅಷ್ಟು ಖಚಿತವಾಗುವುದು ಎತ್ತರದ ವ್ಯತ್ಯಾಸದಿಂದ. ಕಾರಿನ ಮುಂಭಾಗ ಮಡಚಿಕೊಂಡು ಹೊಡೆತವನ್ನು ಹೀರುವಂತೆ ಕಟ್ಟಿರುತ್ತಾರೆ. ಆದರೆ ಲಾರಿಯ ತಳ ಕಾರಿನ ಬಾನೆಟ್ಟಿಗಿಂತ ಮೇಲಿದ್ದರೆ ಬಾನೆಟ್ ಅದರಡಿ ನುಗ್ಗಿ, ಹೊಡೆತ ನೇರವಾಗಿ ಗಾಜಿಗೂ ಕುಳಿತವರ ತಲೆಗೂ ಬೀಳುತ್ತದೆ. ಏರ್‌ಬ್ಯಾಗಿಗೂ ಸೀಟ್ ಬೆಲ್ಟಿಗೂ ಅಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. 1967ರ ಜೂನ್ 29ರ ನಸುಕಿನಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಹೆದ್ದಾರಿಯಲ್ಲಿ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಸತ್ತದ್ದು ಹೀಗೆಯೇ. ಸೊಳ್ಳೆ ನಾಶಕ್ಕೆ ಸಿಂಪಡಿಸುತ್ತಿದ್ದ ಔಷಧದ ದಟ್ಟ ಹೊಗೆಯಲ್ಲಿ ಟ್ರೇಲರ್ ಲಾರಿಯೊಂದು ವೇಗ ತಗ್ಗಿಸಿತ್ತು, ಅವರ ಕಾರು ಅದರ ಹಿಂಬದಿಯಡಿ ನುಗ್ಗಿ ಮುಂದಿನ ಸೀಟಿನ ಮೂವರೂ ಸತ್ತರು, ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಉಳಿದರು. ಟ್ರೇಲರುಗಳ ಹಿಂದೆ ಕೆಳಮಟ್ಟದಲ್ಲಿ ಅಡ್ಡಲಾಗಿ ಕಟ್ಟುವ ಉಕ್ಕಿನ ತಡೆಗೆ ಆ ದೇಶದಲ್ಲಿ ಇಂದಿಗೂ ಆಕೆಯ ಹೆಸರೇ ರೂಢಿಯಲ್ಲಿದೆ. ಆ ತಡೆ ಗಟ್ಟಿಯಾಗಿರಬೇಕು, ಚಾಸಿಗೆ ಭದ್ರವಾಗಿ ಬೆಸೆದಿರಬೇಕು. ಪರಿಶೀಲನೆಯ ದಿನಕ್ಕೆಂದು ತೆಳುವಾದ ಕೊಳವೆಯೊಂದನ್ನು ತೂಗುಹಾಕಿದರೆ ಡಿಕ್ಕಿಯ ಕ್ಷಣದಲ್ಲಿ ಅದು ಬಾಗಿಹೋಗುತ್ತದೆ. ಹಿಂಬದಿಯಿಂದ ಹೊರಚಾಚಿದ ಕಬ್ಬಿಣದ ಸರಳುಗಳು, ಮರದ ದಿಮ್ಮಿಗಳು ಇನ್ನೂ ಘೋರ. ಅವು ದೀಪಕ್ಕಿಂತ ಎಷ್ಟೋ ಮೀಟರ್ ಹಿಂದಕ್ಕೆ ಇರುತ್ತವೆ, ದೀಪವನ್ನು ನೋಡಿ ಅಂತರ ಅಳೆದವನನ್ನು ಆ ಅಂತರದೊಳಗೇ ಇರಿಯುತ್ತವೆ. ಮಂಜಿನ ದಿನ ಅಂಥ ಹೊರೆ ರಸ್ತೆಗೆ ಇಳಿಯಲೇಬಾರದು.

ಅಡ್ಡ ತಿರುಗುವ ಟ್ರೇಲರನ್ನೂ ಇಲ್ಲಿಯೇ ಸೇರಿಸುತ್ತೇನೆ. 18 ಮೀಟರ್ ಉದ್ದದ ಟ್ರೇಲರ್ ರಸ್ತೆಯನ್ನು ದಾಟಲು ಗಂಟೆಗೆ 8 ಕಿಲೋಮೀಟರಿನಂತೆ ತೆವಳಿದರೆ 12–13 ಸೆಕೆಂಡ್ ಬೇಕು. ಅಷ್ಟರಲ್ಲಿ 60ರ ವೇಗದ ವಾಹನ 200 ಮೀಟರ್ ದಾಟಿರುತ್ತದೆ. 50 ಮೀಟರ್ ಮಾತ್ರ ಕಾಣುವ ಮಂಜಿನಲ್ಲಿ ದಾಟಲು ಹೊರಟ ಚಾಲಕನಿಗೆ ದಾರಿ ಖಾಲಿಯಿದೆಯೆಂದು ತಿಳಿಯುವ ಉಪಾಯವೇ ಇಲ್ಲ. ಪಕ್ಕದಲ್ಲಿ ದೀಪಗಳಿಲ್ಲದ ಟ್ರೇಲರಿನ ಮಗ್ಗುಲು ಬರುವವನಿಗೂ ಕಾಣುವುದಿಲ್ಲ. ಮುಂದಿನ ಮೇಲ್ಸೇತುವೆಯವರೆಗೆ ಹೋಗಿ ತಿರುಗುವುದೊಂದೇ ದಾರಿ, ಅದು ಎಷ್ಟೇ ದೂರವಿದ್ದರೂ.

ನಡುದಾರಿಯಲ್ಲಿ ಲಾರಿ ಕೆಟ್ಟರೆ ಏನು ಮಾಡಬೇಕೆಂಬುದನ್ನು ಚಾಲಕರಿಗೆ ಕಲಿಸುವಾಗ, ಹಿಂದೆ ರಸ್ತೆಯಲ್ಲಿ ಹೊಳೆಯುವ ಎಚ್ಚರಿಕೆಯ ತ್ರಿಕೋನ ಇಡಿ ಎಂದಷ್ಟೇ ಹೇಳಿ ಬಿಡುತ್ತಾರೆ. ಎಷ್ಟು ದೂರದಲ್ಲಿ ಎಂಬುದೇ ಮುಖ್ಯ. ವಿಭಜಕವಿರುವ ಹೆದ್ದಾರಿಯಲ್ಲಿ ಸುಮಾರು 3, 30 ಮತ್ತು 60 ಮೀಟರ್ ಹಿಂದೆ ಮೂರು ಗುರುತುಗಳನ್ನು ಹತ್ತು ನಿಮಿಷದೊಳಗೆ ಇಡಬೇಕೆಂದು ಅಮೆರಿಕದ ಸರಕು ವಾಹನ ನಿಯಮ ಹೇಳುತ್ತದೆ. ಬ್ರಿಟನ್ನಿನ ರಸ್ತೆ ಸಂಹಿತೆ ಕನಿಷ್ಠ 45 ಮೀಟರ್ ಎನ್ನುತ್ತದೆ, ಆದರೆ ಅತಿವೇಗದ ಮೋಟಾರು ಮಾರ್ಗಗಳಲ್ಲಿ ತ್ರಿಕೋನ ಇಡಲು ಹೋಗಲೇಬೇಡಿ ಎಂದು ಎಚ್ಚರಿಸುತ್ತದೆ. ಎರಡರ ಹಿಂದೆಯೂ ಅನುಭವವಿದೆ. ಮೇಲಿನ ಲೆಕ್ಕದಂತೆ 80ರ ವೇಗದಲ್ಲಿ ಬರುವ ಲಾರಿಗೆ 30 ಮೀಟರ್ ದೂರದ ತ್ರಿಕೋನದಿಂದ ಆಗುವ ಉಪಕಾರ ಅತ್ಯಲ್ಪ. ಹೆಚ್ಚು ದೂರ ಇಡಲು ಹೋದರೆ ಮಂಜಿನಲ್ಲಿ ನಡೆಯುವ ಮನುಷ್ಯನ ಜೀವಕ್ಕೇ ಅಪಾಯ. ಮೊದಲು ಆಗಬೇಕಾದದ್ದು ನಾಲ್ಕೂ ಇಂಡಿಕೇಟರುಗಳು ಮಿನುಗುವುದು ಮತ್ತು ಜನರು ರಸ್ತೆಯಿಂದ ಪೂರ್ತಿ ಆಚೆ, ತಡೆಗೋಡೆಯಿದ್ದರೆ ಅದರ ಹಿಂದೆ ಹೋಗಿ ನಿಲ್ಲುವುದು. ತ್ರಿಕೋನ ಇಡಲು ಹೋಗುವವನು ಹೊಳೆಯುವ ಜಾಕೆಟ್ ತೊಟ್ಟು, ತ್ರಿಕೋನವನ್ನು ಎದೆಯ ಮುಂದೆ ಹಿಡಿದು, ಡಾಂಬರಿನ ಮೇಲೆ ಕಾಲಿಡದೆ ಆಚೆಯ ಮಣ್ಣಿನಲ್ಲೇ ನಡೆಯಬೇಕು. ಕೆಟ್ಟ ಲಾರಿಯ ಮುಂದೆ ನಿಲ್ಲುವುದೂ, ಅದರಡಿ ಮಲಗಿ ರಿಪೇರಿ ಮಾಡುವುದೂ ಪ್ರಾಣಕ್ಕೆ ಎರವಾಗುವ ಕೆಲಸಗಳು. ಹಿಂದಿನಿಂದ ಡಿಕ್ಕಿಯಾದರೆ ಲಾರಿಯೇ ಮುಂದಕ್ಕೆ ಉರುಳುತ್ತದೆ. ಟೈರು ಬದಲಾಯಿಸುವ ಕೆಲಸ ಮಂಜು ಕರಗುವವರೆಗೆ ಕಾಯಲಿ. ಇದನ್ನೆಲ್ಲ ಕ್ಲೀನರ್ ಕೆಲಸಕ್ಕೆ ಸೇರಿದ ಹುಡುಗನಿಗೂ ಮೊದಲ ದಿನವೇ ಕಲಿಸಬೇಕು, ಏಕೆಂದರೆ ರಸ್ತೆಗೆ ಇಳಿಯುವವನು ಹೆಚ್ಚಾಗಿ ಅವನೇ.

ಒಂದು ಡಿಕ್ಕಿ ಸರಣಿಯಾಗುವುದು ಮೊದಲ ಎರಡು ವಾಹನಗಳು ರಸ್ತೆಯ ಮೇಲೆಯೇ ನಿಂತುಬಿಡುವುದರಿಂದ. 1990ರ ಡಿಸೆಂಬರಿನಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ಕ್ಯಾಲ್ಹೌನ್ ಬಳಿ ನದಿಯೊಂದರ ಸಮೀಪದ ತಗ್ಗಿನಲ್ಲಿ ಮಂಜು ಕವಿದಿದ್ದಾಗ, ವೇಗ ತಗ್ಗಿಸಿದ ಲಾರಿಯೊಂದಕ್ಕೆ ಇನ್ನೊಂದು ಲಾರಿ ಬಡಿದು ಮೊದಲಾದ ಅಪಘಾತದಲ್ಲಿ 99 ವಾಹನಗಳು ಸಿಕ್ಕಿಕೊಂಡು 12 ಮಂದಿ ಸತ್ತರು. 1999ರ ಸೆಪ್ಟೆಂಬರ್ 3ರಂದು ಕೆನಡಾದ ವಿಂಡ್ಸರ್ ಸಮೀಪ 401ನೇ ಹೆದ್ದಾರಿಯಲ್ಲಿ 87 ವಾಹನಗಳು ಡಿಕ್ಕಿಯಾಗಿ, ಬೆಂಕಿ ಹೊತ್ತಿ, 8 ಮಂದಿ ಸತ್ತರು. 2023ರ ಅಕ್ಟೋಬರಿನಲ್ಲಿ ಲೂಸಿಯಾನಾದಲ್ಲಿ ಜೌಗುಭೂಮಿಯ ಬೆಂಕಿಯ ಹೊಗೆ ಮಂಜಿನೊಂದಿಗೆ ಬೆರೆತು ಕೆಲವೇ ಅಡಿಗಳ ದೂರವೂ ಕಾಣದಂತಾದಾಗ 150ಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ಬಿದ್ದವು. ಈ ಘಟನೆಗಳಲ್ಲಿ ಸಾಮಾನ್ಯವಾದ ಒಂದು ಅಂಶವೆಂದರೆ, ವಾಹನಗಳು ತಿಳಿಯಾದ ರಸ್ತೆಯಿಂದ ಪೂರ್ಣ ವೇಗದಲ್ಲಿ ಬಂದು ಇದ್ದಕ್ಕಿದ್ದಂತೆ ಮಂಜಿನ ರಾಶಿಯೊಳಗೆ ನುಗ್ಗಿದ್ದು. ಮಂಜಿನೊಳಗೆ ಹೋದ ಮೇಲೆ ಗಟ್ಟಿಯಾಗಿ ಬ್ರೇಕ್ ಒತ್ತಿದವನು ಹಿಂದಿನವನಿಗೆ ಗುರಿಯಾಗುತ್ತಾನೆ. ಆದ್ದರಿಂದ ವೇಗ ಇಳಿಯಬೇಕಾದದ್ದು ಮಂಜಿಗೆ ಮುಂಚಿನ ಕಿಲೋಮೀಟರುಗಳಲ್ಲಿ. ನದಿ, ಕೆರೆ, ತಗ್ಗುಗಳ ಬಳಿ ಮಂಜು ಪ್ರತಿ ವರ್ಷವೂ ಅದೇ ಜಾಗಗಳಲ್ಲಿ ಕಟ್ಟಿಕೊಳ್ಳುತ್ತದೆ. ಆಕಾಶ ಶುಭ್ರವಾಗಿದ್ದು ಗಾಳಿಯಾಡದ ಚಳಿಯ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ ನಸುಕಿನ ಹೊತ್ತಿಗೆ ಅದು ಅತ್ಯಂತ ದಟ್ಟವಾಗುತ್ತದೆ, ಸೂರ್ಯ ಹುಟ್ಟಿದ ಮೇಲೂ ಕೆಲಕಾಲ ಹೆಚ್ಚುವುದುಂಟು. ಜಾಗವೂ ವೇಳೆಯೂ ಬಹುಮಟ್ಟಿಗೆ ಗೊತ್ತಿರುವ ಅಪಾಯ ಇದು.

ಗೊತ್ತಿರುವ ಅಪಾಯಕ್ಕೆ ರಸ್ತೆಯ ಹೊಣೆ ಹೊತ್ತವರು ಏನು ಮಾಡಬಹುದೆಂಬುದಕ್ಕೆ ಮಾದರಿಗಳಿವೆ. ಟೆನೆಸ್ಸಿಯ ಅದೇ ಜಾಗದಲ್ಲಿ ಆ ದುರಂತದ ನಂತರ ಮಂಜನ್ನು ಅಳೆಯುವ ಉಪಕರಣಗಳು, ವೇಗವನ್ನು ಅಳೆಯುವ ರೇಡಾರುಗಳು, ಬದಲಾಗುವ ವೇಗಮಿತಿಯ ಫಲಕಗಳು ಬಂದವು. ಮಂಜು ಮಿತಿ ಮೀರಿದರೆ ಹೆದ್ದಾರಿಗೆ ಸೇರುವ ದಾರಿಗಳನ್ನು ಮುಚ್ಚಲು ಗೇಟುಗಳನ್ನೂ ಹಾಕಿದರು. ನೆದರ್ಲೆಂಡ್ಸಿನ ಎ16 ಹೆದ್ದಾರಿಯಲ್ಲಿ ಕಾಣುವ ದೂರ 140 ಮೀಟರಿಗಿಂತ ಇಳಿದಾಗ ವೇಗಮಿತಿ ಗಂಟೆಗೆ 80 ಕಿಲೋಮೀಟರ್ ಎಂದೂ, 70 ಮೀಟರಿಗಿಂತ ಇಳಿದಾಗ 60 ಕಿಲೋಮೀಟರ್ ಎಂದೂ ಮೇಲಿನ ಫಲಕಗಳು ತಾವಾಗಿಯೇ ತೋರಿಸುವ ಏರ್ಪಾಡು ಮಾಡಿದಾಗ ವಾಹನಗಳ ಸರಾಸರಿ ವೇಗ ನಿಜಕ್ಕೂ ಇಳಿಯಿತು. ಎಲ್ಲ ರಸ್ತೆಗಳಿಗೂ ಇಷ್ಟು ಯಂತ್ರಗಳು ಬೇಕೆಂದು ನಾನು ಹೇಳುವುದಿಲ್ಲ. ಅಂಚಿನ ಗೆರೆಗೆ ವರ್ಷಕ್ಕೊಮ್ಮೆ ಬಣ್ಣ ಬಳಿಯುವುದು, ಗೆರೆಯ ಮೇಲೆ ಗಾಲಿ ಹತ್ತಿದರೆ ಸದ್ದು ಮಾಡುವ ಉಬ್ಬುಗಳನ್ನು ಹಾಕುವುದು, ಎಲ್ಲಕ್ಕಿಂತ ಮುಖ್ಯವಾಗಿ ಮಂಜು ಕಟ್ಟುವ ತಗ್ಗಿಗೆ ಮುಂಚೆಯೇ, ರಸ್ತೆಯಿಂದ ಪ್ರತ್ಯೇಕವಾದ, ಬೆಳಕಿರುವ, ಕಳ್ಳಕಾಕರ ಭಯವಿಲ್ಲದ ಲಾರಿ ತಂಗುದಾಣವೊಂದನ್ನು ಕಟ್ಟುವುದು ಅಂಥ ದೊಡ್ಡ ವೆಚ್ಚದ ಕೆಲಸಗಳಲ್ಲ. ಈಗಿರುವ ತಂಗುದಾಣಗಳು ರಾತ್ರಿ ಹತ್ತರ ಹೊತ್ತಿಗೇ ತುಂಬಿಹೋಗುತ್ತವೆ. ನಸುಕಿನಲ್ಲಿ ಮಂಜು ಕವಿದಾಗ ಬಂದವನಿಗೆ ಉಳಿಯುವುದು ರಸ್ತೆಯ ಅಂಚು ಮಾತ್ರ. ಅಲ್ಲಿ ನಿಲ್ಲಿಸಿದ್ದಕ್ಕೆ ಅವನಿಗೆ ದಂಡ ಹಾಕುವುದು ಸುಲಭ, ಆದರೆ ಆ ದಂಡದಿಂದ ಮರುದಿನ ಬರುವವನಿಗೆ ಜಾಗ ಹುಟ್ಟುವುದಿಲ್ಲ.

ರೇಡಾರ್ ಆಧಾರಿತ ಸ್ವಯಂಚಾಲಿತ ಬ್ರೇಕಿನ ಬಗ್ಗೆ ಹಲವರು ಭರವಸೆಯಿಂದ ಮಾತನಾಡುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ 2015ರ ನವೆಂಬರಿನಿಂದ ಹೊಸ ಭಾರೀ ಲಾರಿಗಳಲ್ಲಿ ಅದು ಕಡ್ಡಾಯವಾಗಿದೆ. ಕ್ಯಾಮೆರಾ ಮಂಜಿನಲ್ಲಿ ನಮ್ಮ ಕಣ್ಣಿನಷ್ಟೇ ಕುರುಡಾದರೂ ರೇಡಾರಿನ ಅಲೆ ಮಂಜನ್ನು ದಾಟುತ್ತದೆ, ಆದ್ದರಿಂದ ಅದು ಸ್ವಾಗತಾರ್ಹವೇ. ಆದರೆ ಈಗ ರಸ್ತೆಯಲ್ಲಿರುವ ಹಳೆಯ ಲಾರಿಗಳು ಇನ್ನೂ ಎಷ್ಟೋ ವರ್ಷ ಓಡುತ್ತಲೇ ಇರುತ್ತವೆ.

ಇನ್ನು ಅನುಮತಿಯ ಮಾತು. ಮಂಜು ಅತ್ಯಂತ ದಟ್ಟವಾಗಿರುವ ಬೆಳಗಿನ ಜಾವವೇ ಮನುಷ್ಯನ ದೇಹ ನಿದ್ದೆಯನ್ನು ಅತ್ಯಂತ ಬಲವಾಗಿ ಬಯಸುವ ಹೊತ್ತು ಕೂಡ. ಬಿಳಿಯ ಶೂನ್ಯದಲ್ಲಿ ದೃಷ್ಟಿ ನೆಟ್ಟು ಕುಳಿತವನ ಕಣ್ಣು ಬೇರೆ ರಾತ್ರಿಗಳಿಗಿಂತ ಬೇಗ ಸೋಲುತ್ತದೆ. ಅದೇ ಹೊತ್ತಿಗೆ ಲಾರಿ ಊರು ಸೇರಬೇಕೆಂದು ಗೋದಾಮಿನ ವೇಳಾಪಟ್ಟಿ ಹೇಳುತ್ತದೆ. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಪಡೆಯುವ ಚಾಲಕನಿಗೆ ಮಂಜಿನಲ್ಲಿ ಕಾದ ಮೂರು ಗಂಟೆ ಅಂದರೆ ಕಳೆದುಹೋದ ದುಡಿಮೆ. ತಡವಾದರೆ ಬಾಡಿಗೆಯಲ್ಲಿ ಕಡಿತ, ಮುಂದಿನ ಲೋಡ್ ಬೇರೆಯವರಿಗೆ. ಈಗ ಹಲವು ಲಾರಿಗಳಲ್ಲಿ ಜಿಪಿಎಸ್ ಇರುವುದರಿಂದ ಲಾರಿ ನಿಂತ ಕೆಲವೇ ನಿಮಿಷಗಳಲ್ಲಿ ಕಚೇರಿಯಿಂದ ಫೋನ್ ಬರುತ್ತದೆ. ಎಲ್ಲಿದ್ದೀಯ, ಏಕೆ ನಿಲ್ಲಿಸಿದೆ, ಬೇರೆ ಗಾಡಿಗಳೆಲ್ಲ ಬರುತ್ತಿವೆಯಲ್ಲ ಎಂದು ಬೆಚ್ಚಗಿನ ಕೋಣೆಯಲ್ಲಿ ಕುಳಿತು ಕೇಳುವವನಿಗೆ ಆ ಗಾಜಿನಾಚೆ ಏನು ಕಾಣುತ್ತಿದೆ, ಏನು ಕಾಣುತ್ತಿಲ್ಲ ಎಂಬುದು ತಿಳಿಯದು. ಇಂಥ ಫೋನಿಗೆ ಉತ್ತರಿಸುತ್ತಲೇ ಲಾರಿಯನ್ನು ಮತ್ತೆ ರಸ್ತೆಗೆ ಹತ್ತಿಸಿದ ಚಾಲಕರನ್ನು ನಾನು ಬಲ್ಲೆ. ಅವರ ವಿವೇಚನೆ ಸರಿಯಾಗಿಯೇ ಇತ್ತು, ಅದರಂತೆ ನಡೆಯುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಅಪಘಾತವಾದರೆ ಜೈಲಿಗೆ ಹೋಗುವವನು ಮಾತ್ರ ಚಾಲಕನೇ.

ಅಪಾಯಕರ ಹವಾಮಾನದಲ್ಲಿ ವೇಗ ತಗ್ಗಿಸಬೇಕು, ಪರಿಸ್ಥಿತಿ ಮಿತಿ ಮೀರಿದರೆ ಸುರಕ್ಷಿತವಾಗಿ ಓಡಿಸಲು ಸಾಧ್ಯವಾಗುವವರೆಗೆ ವಾಹನವನ್ನು ನಿಲ್ಲಿಸಲೇಬೇಕು ಎಂದು ಅಮೆರಿಕದ ಸರಕು ವಾಹನ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ. ಅಂಥ ನಿಯಮ ಕಾನೂನಿನ ಪುಸ್ತಕದಲ್ಲಿ ಇದ್ದರಷ್ಟೇ ಸಾಲದು, ಸಾಗಣೆಯ ಕರಾರಿನಲ್ಲಿಯೂ ಇರಬೇಕೆಂಬುದು ನನ್ನ ಒತ್ತಾಯ. ಆ ಕರಾರು ಹೀಗೆ ಹೇಳಲಿ: ಕಾಣುವ ದೂರ 50 ಮೀಟರಿಗಿಂತ ಕಡಿಮೆಯಾದರೆ ಮುಂದೆ ಹೋಗಬೇಕೇ ನಿಲ್ಲಬೇಕೇ ಎಂಬ ತೀರ್ಮಾನ ಚಾಲಕನೊಬ್ಬನದೇ. ಆ ಕಾರಣಕ್ಕೆ ಆದ ತಡಕ್ಕೆ ಬಾಡಿಗೆಯಲ್ಲಾಗಲಿ ಸಂಬಳದಲ್ಲಾಗಲಿ ಕಡಿತವಿಲ್ಲ. ಕಾದ ಗಂಟೆಗಳಿಗೆ ಭತ್ಯೆ ಉಂಟು. ಲಾರಿ ಚಲಿಸುತ್ತಿರುವಾಗ ಕಚೇರಿಯಿಂದ ಕರೆ ಮಾಡುವಂತಿಲ್ಲ. ಸರಕು ಕಳಿಸುವವರು, ಸಾಗಿಸುವವರು, ವಿಮಾ ಕಂಪನಿಯವರು ಒಟ್ಟಿಗೆ ಕುಳಿತರೆ ಇಷ್ಟನ್ನು ಕರಾರಿನಲ್ಲಿ ಸೇರಿಸುವುದು ಕಷ್ಟವಲ್ಲ. ಮಂಜಿನ ನೆಪದಲ್ಲಿ ಚಾಲಕರು ಸುಮ್ಮನೆ ಮಲಗಿಬಿಡುತ್ತಾರೆ ಎಂದು ಹೇಳುವ ಮಾಲೀಕರಿಗೆ ಉತ್ತರ ಅವರ ಕೈಯಲ್ಲೇ ಇದೆ. ಲಾರಿ ನಿಂತದ್ದನ್ನು ತೋರಿಸುವ ಅದೇ ಜಿಪಿಎಸ್ ಅದು ಎಲ್ಲಿ ನಿಂತಿತು, ಯಾವ ಹೊತ್ತಿನಲ್ಲಿ ನಿಂತಿತು ಎಂಬುದನ್ನೂ ತೋರಿಸುತ್ತದೆ. ಆ ವೇಳೆಯ ಹವಾಮಾನ ಇಲಾಖೆಯ ದಾಖಲೆಯೊಂದಿಗೆ ಅದನ್ನು ಹೋಲಿಸಿ ನೋಡಬಹುದು, ಚಾಲಕನೇ ಮೊಬೈಲಿನಲ್ಲಿ ಗಾಜಿನಾಚೆಯ ನೋಟದ ಒಂದು ಚಿತ್ರ ತೆಗೆದು ಕಳಿಸಬಹುದು.

ತಮ್ಮ ಪತ್ರಿಕೆಯಲ್ಲಿಯೂ ಒಂದು ವಿನಂತಿ. ಮುಂದಿನ ಸಲ ಇಂಥ ಅಪಘಾತದ ವರದಿ ಬರುವಾಗ, ನಿಂತ ಲಾರಿ ರಸ್ತೆಯ ಯಾವ ಭಾಗದಲ್ಲಿತ್ತು, ಅದರ ದೀಪಗಳು ಉರಿಯುತ್ತಿದ್ದವೇ, ಹಿಂಬದಿಯ ತಡೆ ಇತ್ತೇ, ಸಮೀಪದ ತಂಗುದಾಣ ಎಷ್ಟು ದೂರದಲ್ಲಿದೆ, ಎರಡೂ ಚಾಲಕರು ಎಷ್ಟು ಹೊತ್ತಿನಿಂದ ಓಡಿಸುತ್ತಿದ್ದರು, ಸರಕು ಎಷ್ಟು ಗಂಟೆಗೆ ತಲುಪಬೇಕೆಂದು ನಿಗದಿಯಾಗಿತ್ತು ಎಂಬುದನ್ನು ತಮ್ಮ ವರದಿಗಾರರು ಪೊಲೀಸರನ್ನೂ ಸಾಗಣೆ ಕಂಪನಿಯನ್ನೂ ಕೇಳಿ ಬರೆಯಲಿ. ಉತ್ತರ ಸಿಗದಿದ್ದರೆ, ಕೇಳಿದೆವು, ಉತ್ತರ ಸಿಗಲಿಲ್ಲ ಎಂದಾದರೂ ಅಚ್ಚಾಗಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ